ಬಲಗೈ ಬಟನ್ನು

ಮುಷ್ಕರ ಐವತ್ತೆಂಟನೇ ದಿನಕ್ಕೆ ಬಿದ್ದಿತ್ತು. ಮಾರನೇ ದಿನವೇ ಆಯುಧಪೂಜೆ. ತಿಮ್ಮರಾಜುವಿಗೆ ಅನ್ನ ನೀರು ಸೇರುತ್ತಿರಲಿಲ್ಲ. ಸಂಬಳ ನಿಂತದ್ದಕ್ಕಲ್ಲ, ಹೆಂಡತಿ ಕೆಂಪಾಜಮ್ಮ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದಳು, ಊರಿನಿಂದ ರಾಗಿ ಬರುತ್ತಿತ್ತು, ಹೇಗೋ ನಡೆದುಹೋಗುತ್ತಿತ್ತು. ಅವನ ಚಿಂತೆಯೆಲ್ಲ ಏಳನೇ ನಂಬರಿನ ಮಷೀನಿನದು. ಮೊಪೆಡ್ಡಿನ ಗೇರಿಗೆ ಹಲ್ಲು ಕಡಿಯುವ ಮಷೀನು. ಹನ್ನೊಂದು ವರ್ಷ ಅದರ ಮುಂದೆ ನಿಂತಿದ್ದಾನೆ. ಹನ್ನೊಂದು ಆಯುಧಪೂಜೆಗೂ ತಾನೇ ಸೀಮೆಎಣ್ಣೆಯಲ್ಲಿ ಒರೆಸಿ, ಅರಿಸಿನ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿದ್ದಾನೆ. ಈ ವರ್ಷ ಅದು ಧೂಳು ಹಿಡಿದುಕೊಂಡು ಕತ್ತಲಲ್ಲಿ ಬಿದ್ದಿರಬೇಕೆ? ಹಬ್ಬದ ದಿನ ಮನೆಮಗಳನ್ನು ಸ್ನಾನ ಮಾಡಿಸದೆ ಕೂರಿಸಿದ ಹಾಗಾಗಿತ್ತು ಅವನಿಗೆ.

ಫ್ಯಾಕ್ಟರಿ ಇದ್ದದ್ದು ಶ್ರೀರಂಗಪಟ್ಟಣದಿಂದ ಪಾಂಡವಪುರ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ನಾಲೆಯ ಪಕ್ಕ. ಗೇಟಿನ ಎದುರು ಹೊಂಗೆಮರದಡಿ ಯೂನಿಯನ್ನಿನ ಚಪ್ಪರ. ಅದರ ಕೆಳಗೆ ದಿನವೂ ನೂರೆಂಬತ್ತು ಜನ ಕೂರುತ್ತಿದ್ದರು. ಅವರ ನಡುವೆ, ಬಲಗೈಗೆ ಟವೆಲು ಸುತ್ತಿಕೊಂಡು, ಹೊನ್ನಪ್ಪ. ಮುಷ್ಕರ ನಡೆಯುತ್ತಿದ್ದದ್ದೇ ಆ ಕೈಗಾಗಿ.

ಹೊನ್ನಪ್ಪ ತಿಮ್ಮರಾಜುವಿನ ಊರಿನವನೇ, ಸಂತೆಬಾಚಹಳ್ಳಿ ಕಡೆಯವನು. ಕೆಲಸಕ್ಕೆ ಸೇರಿಸಿದವನೂ ತಿಮ್ಮರಾಜುವೇ. ‘ನಮ್ ಹುಡ್ಗ ಸಾ, ಕೈ ಚುರುಕು’ ಎಂದು ಸಾಹೇಬರ ಮುಂದೆ ಹಲ್ಲುಗಿಂಜಿ ಪ್ರೆಸ್ಸಿನ ಮೇಲೆ ಹಾಕಿಸಿದ್ದ. ಪ್ರೆಸ್ ಎಂದರೆ ತಗಡು ಒತ್ತಿ ಕತ್ತರಿಸುವ ಮಷೀನು. ಅದಕ್ಕೆ ಎಡಕ್ಕೊಂದು, ಬಲಕ್ಕೊಂದು ಬಟನ್ನು. ಎರಡನ್ನೂ ಒಟ್ಟಿಗೆ ಒತ್ತಿದರೇ ಮೇಲಿನ ಅಚ್ಚು ಕೆಳಗಿಳಿಯುವುದು. ಎರಡು ಕೈಯೂ ಬಟನ್ನಿನ ಮೇಲಿದ್ದರೆ ಅಚ್ಚಿನ ಕೆಳಗೆ ಸಿಕ್ಕಿಕೊಳ್ಳಲು ಮೂರನೇ ಕೈ ಎಲ್ಲಿಂದ ಬರಬೇಕು? ಅದನ್ನು ಮಾಡಿದವನು ಬುದ್ಧಿವಂತನೇ. ಆದರೆ ನಮ್ಮ ಫೋರ್‌ಮನ್ ಶಿವಲಿಂಗಯ್ಯನಿಗೆ ಅದು ನಿಧಾನವಾಯಿತಂತೆ! ಬಲಗೈ ಬಟನ್ನನ್ನು ಅದುಮಿಹಿಡಿದು ಅದರ ಮೇಲೆ ಕಪ್ಪು ಟೇಪು ಸುತ್ತಿಸಿಬಿಟ್ಟ. ಬಟನ್ನು ಹಗಲೂ ರಾತ್ರಿ ಒತ್ತಿಕೊಂಡೇ ಇತ್ತು. ಎಡಗೈಯಲ್ಲಿ ಒತ್ತುವುದು, ಬಲಗೈಯಲ್ಲಿ ತಗಡು ಇಡುವುದು. ಮಾಲು ಒಂದೂವರೆಪಟ್ಟು ಬಂತು. ಶ್ರಾವಣದ ಮೊದಲ ಶುಕ್ರವಾರ ಹೊನ್ನಪ್ಪನ ತೋರುಬೆರಳು, ನಡುಬೆರಳು ಎರಡೂ ಹೋದವು.

ಆಡಳಿತದವರು ಹೇಳಿದ್ದೇನು ಗೊತ್ತೆ? ಹೊನ್ನಪ್ಪ ಮೈಮೇಲೆ ಗ್ಯಾನವಿಲ್ಲದೆ ಕೆಲಸ ಮಾಡಿದನಂತೆ. ಟೇಪು ಅನ್ನುವುದು ಇರಲೇ ಇಲ್ಲವಂತೆ. ಕೆಲಸದಿಂದ ತೆಗೆದೇಬಿಟ್ಟರು. ಯೂನಿಯನ್ನಿನ ಕಾರ್ಯದರ್ಶಿ ದ್ಯಾವಯ್ಯ ಸುಮ್ಮನೆ ಬಿಡುವ ಆಸಾಮಿಯಲ್ಲ. ಬೆಳಗಾಗುವುದರೊಳಗೆ ಎಲ್ಲರನ್ನೂ ಹೊರಗೆ ಕೂರಿಸಿದ, ಫ್ಯಾಕ್ಟರಿ ಇನ್‌ಸ್ಪೆಕ್ಟರ ಕಚೇರಿಗೆ ಅಲೆದು, ಯಾರೂ ಟೇಪು ಕೀಳದ ಹಾಗೆ ಪ್ರೆಸ್ ಶಾಪಿಗೆ ಸರ್ಕಾರದ ಬೀಗ ಹಾಕಿಸಿದ. ಒಳಗೆ ಬಂದು ನೋಡುವ ಮೊದಲೇ ಆ ಇನ್‌ಸ್ಪೆಕ್ಟರಿಗೆ ವರ್ಗವಾಯಿತು. ಹೊಸಬರು ಹಬ್ಬ ಮುಗಿದ ಮೇಲೆ ಬಂದು ಮಷೀನು ನೋಡುತ್ತೇವೆ ಎಂದಿದ್ದರು. ಟೇಪು ಕಂಡರೆ ಹೊನ್ನಪ್ಪನಿಗೆ ಕೆಲಸ ವಾಪಸ್ಸು. ಕಾಣದಿದ್ದರೆ ಊರಿನ ದಾರಿ. ಇಷ್ಟೇ ವಿಷಯ.

ಮಧ್ಯಾಹ್ನ ಗೇಟಿನ ಸಣ್ಣ ಬಾಗಿಲು ತೆರೆದು ಹಾಜರಿ ಬರೆಯುವ ಟೈಮ್ ಆಫೀಸಿನ ಜಯರಾಮಯ್ಯ ಹೊರಗೆ ಬಂದರು. ಪಟ್ಟಣದ ದೇವಸ್ಥಾನದ ಮನೆತನದವರು, ಫ್ಯಾಕ್ಟರಿಯಲ್ಲಿ ಪ್ರತಿವರ್ಷ ಪೂಜೆ ಮಾಡಿಸುವವರೂ ಅವರೇ.

“ನೋಡ್ರಪ್ಪ, ಜಗಳ ಮನುಷ್ಯರದ್ದು. ಮಷೀನು ಏನು ಪಾಪ ಮಾಡಿದೆ? ನಾಳೆ ಬೆಳಗ್ಗೆ ಎರಡು ಗಂಟೆ ಹೊತ್ತು ನೀವೇ ಬಂದು ಪೂಜೆ ಮಾಡಿಕೊಳ್ಳಿ. ಸಾಹೇಬರು ಒಪ್ಪಿದ್ದಾರೆ. ಪ್ರೆಸ್ ಶಾಪಿಗೂ ಆಗಬೇಕು ಅಂದರೆ ನೀವು ಬರೆದುಕೊಡಿ, ಇನ್‌ಸ್ಪೆಕ್ಟರ ಕಚೇರಿಯ ಜವಾನ ಬಂದು ಬೀಗ ತೆಗೀತಾನೆ.”

“ಬ್ಯಾಡ,” ಎಂದ ದ್ಯಾವಯ್ಯ, ಕೂತಲ್ಲಿಂದಲೇ. “ಐವತ್ತೆಂಟು ದಿನ ಇಲ್ದಿದ್ ಭಕ್ತಿ ಈಗೆಲ್ಲಿಂದ್ ಬಂತು ನಿಮ್ ಸಾಹೇಬ್ರಿಗೆ?”

“ಪೂಜೆ ಬ್ಯಾಡ ಅನ್ಬ್ಯಾಡ ಕಣ್ಲಾ ದ್ಯಾವ,” ತಿಮ್ಮರಾಜು ಎದ್ದುನಿಂತ. “ಮುಷ್ಕರಾನೂ ಮಾಡನ, ಪೂಜೆನೂ ಮಾಡನ. ಅನ್ನ ಇಕ್ಕಿರೋ ಮಷೀನ್ನ ಅಂಗೇ ಬುಟ್ರೆ ಒಳ್ಳೇದಾದದಾ?”

ಅರ್ಧ ಜನ ಹೌದು ಎಂದರು, ಅರ್ಧ ಜನ ನೆಲ ನೋಡಿದರು. ಆಗ ಮಾತಾಡಿದವನು ಹೊನ್ನಪ್ಪ. ಎಂದೂ ಸಭೆಯಲ್ಲಿ ಬಾಯಿ ತೆರೆದವನಲ್ಲ.

“ನನ್ ಪ್ರೆಸ್ಸಿಗೂ ಒಂದ್ ನಿಂಬೆಹಣ್ಣು ಮಡಗ್ಬೇಕು ಕಣಣ್ಣ. ರಗ್ತ ಕಂಡದೆ ಅದು. ಶಾಂತಿ ಇಲ್ದಂಗೆ ಬುಟ್ರೆ ನಾಳಿಕ್ಕೆ ಇನ್ನೊಬ್ಬನ ಕೈ ತಿಂದಾತು.”

ಅವನ ಮಾತಿಗೆ ಎದುರಾಡುವವರು ಯಾರು? ದ್ಯಾವಯ್ಯ ಬೀಡಿ ಎಸೆದ. “ಆಗ್ಲಿ. ಪ್ರೆಸ್ ಶಾಪಿಗೆ ತಿಮ್ಮರಾಜ ಒಬ್ನೇ ಹೋಗ್ಲಿ. ನಿಂಬೆಹಣ್ಣು ಮಡಗು, ಊದ್ಬತ್ತಿ ಹಚ್ಚು, ಬಂದ್ಬುಡು. ಬ್ಯಾರೆ ಏನೂವೆ ಮುಟ್ಬ್ಯಾಡ. ತಿಳೀತಾ? ಮುಟ್ಬ್ಯಾಡ.”

“ನನ್ಗೊತ್ತಿಲ್ವಾ, ಬುಡ್ಲಾ,” ಎಂದ ತಿಮ್ಮರಾಜು. ಕಾಗದಕ್ಕೆ ಮೊದಲ ಸಹಿ ಹಾಕಿದವನೂ ಅವನೇ.

ಬೆಳಗ್ಗೆ ನಾಲೆಯಲ್ಲಿ ಮಿಂದು, ಒಗೆದ ಪಂಚೆ ಉಟ್ಟು, ಚೀಲದ ತುಂಬ ಸಾಮಾನು ಹೊತ್ತು ಒಳಗೆ ಹೋದ. ಏಳನೇ ನಂಬರಿನ ಮೇಲೆ ಒಂದು ಬೆರಳು ಧೂಳು. “ಅಯ್ಯೋ ನನ್ ತಾಯೇ” ಎಂದು ಅದರ ಮೈ ಸವರಿದ. ಒರೆಸಿದ್ದೇ ಒರೆಸಿದ್ದು. ಒಂದು ಗಂಟೆಯಲ್ಲಿ ಮಷೀನು ಫಳಫಳ ಅಂದಿತು. ಚೆಂಡುಹೂ ಸುತ್ತಿ ಮಂಗಳಾರತಿ ಎತ್ತಿದಾಗ ಅವನ ಕಣ್ಣು ತುಂಬಿತು. ಎರಡು ತಿಂಗಳಿನಲ್ಲಿ ಮೊದಲ ಸಲ ಎದೆ ಹಗುರಾಯಿತು. ಅದೇ ಸಂತೋಷದಲ್ಲಿ, ಅದೇ ಸೀಮೆಎಣ್ಣೆ ಡಬ್ಬ, ಅದೇ ಬಟ್ಟೆ ಹಿಡಿದುಕೊಂಡು ಪ್ರೆಸ್ ಶಾಪಿಗೆ ನಡೆದ.

ಜವಾನ ಬೀಗ ತೆಗೆದು ಹೊಸಿಲಾಚೆ ನಿಂತ. ಒಳಗೆ ತಿಮ್ಮರಾಜು ಒಬ್ಬನೇ. ಅಚ್ಚಿನ ಕೆಳಗೆ, ನಿಂಬೆಹಣ್ಣು ಇಡಬೇಕಾದ ಜಾಗದಲ್ಲಿ ಕಂದು ಕಲೆ. ಅದು ಏನೆಂದು ಅವನಿಗೆ ಗೊತ್ತಿತ್ತು. ಅದರ ಮೇಲೆ ಪೂಜೆಯ ಹಣ್ಣು ಇಡುವುದು ಹೇಗೆ? ಒರೆಸಿದ. ಅಲ್ಲಿ ಒರೆಸಿದ ಮೇಲೆ ಪಕ್ಕದ್ದು ಕೊಳಕಾಗಿ ಕಂಡಿತು, ಅದನ್ನೂ ಒರೆಸಿದ. ದ್ಯಾವಯ್ಯನ ಮಾತು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದ ಅಭ್ಯಾಸ ಆ ಕೈಗೆ. ಬಟ್ಟೆ ಹಿಡಿದರೆ ಮಷೀನು ಮೂಲೆಮೂಲೆಯೂ ಚೊಕ್ಕಟವಾಗುವ ತನಕ ನಿಲ್ಲುವುದಿಲ್ಲ.

ಆಮೇಲೆ ಕುಂಕುಮ. ಎಡಗೈ ಬಟನ್ನಿಗೆ ಒಂದು ಬೊಟ್ಟು ಇಟ್ಟ. ಬಲಗೈ ಬಟನ್ನಿಗೆ ಇಡಲು ಹೋದ. ಅಂಟಂಟು ಟೇಪಿನ ಮೇಲೆ ಜಿಡ್ಡು, ಧೂಳು, ಸತ್ತ ನೊಣ. ಕುಂಕುಮ ನಿಲ್ಲಲೇ ಇಲ್ಲ. ಹೊನ್ನಪ್ಪನ ಬೆರಳು ನೆನಪಾಗಿ ಸಿಟ್ಟು ನೆತ್ತಿಗೇರಿತು. “ತೊಲಗು ಮುಂಡೇದೆ, ನಿನ್ನಿಂದ್ಲೇ ಎಲ್ಲಾ ಆದದ್ದು!” ಎಂದು ಉಗುರು ಹಾಕಿ ಕಿತ್ತ. ಸುತ್ತು ಸುತ್ತಾಗಿ ಬಿಚ್ಚಿಕೊಂಡು ಬಂತು. ಕೊನೆಯ ಸುತ್ತು ಬಿಟ್ಟಾಗ ಬಟನ್ನು ಟಕ್ ಎಂದು ಮೇಲೆದ್ದಿತು. ಆ ಸದ್ದು ಕೇಳಿ ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಒಬ್ಬನೇ ನಿಂತು ನಕ್ಕುಬಿಟ್ಟ. ಸೀಮೆಎಣ್ಣೆ ಹಾಕಿ ಅಂಟು ತೆಗೆದ, ದುಂಡಗೆ ಕುಂಕುಮ ಇಟ್ಟ, ಅಚ್ಚಿನ ಕೆಳಗೆ ನಿಂಬೆಹಣ್ಣು ಮಡಗಿ ಊದುಬತ್ತಿ ಹಚ್ಚಿದ. ಟೇಪನ್ನು ಕೊಳಕು ಬಟ್ಟೆಯ ಜೊತೆ ಗುಡಿಸಿ ಹಿಂದಿನ ಗುಂಡಿಗೆ ಹಾಕಿ ಕಡ್ಡಿ ಗೀರಿದ. ಪ್ರತಿವರ್ಷ ಮಾಡುವುದೂ ಹಾಗೇ. ಜವಾನ ಬೀಗ ಹಾಕಿಕೊಂಡು ಹೋದ.

“ಎಲ್ಲಾ ಚೆಂದಾಗ್ ಮಾಡ್ದೆ ಕಣ್ಲಾ,” ಎಂದು ಚಪ್ಪರಕ್ಕೆ ಬಂದು ಹೊನ್ನಪ್ಪನ ಹಣೆಗೆ ಕುಂಕುಮ ಹಚ್ಚಿದ. ಹೊನ್ನಪ್ಪ ಟವೆಲು ಬಿಚ್ಚಿ, ಇದ್ದಷ್ಟು ಬೆರಳು ಜೋಡಿಸಿ ಕೈಮುಗಿದ.

ವಿಜಯದಶಮಿಯ ಮಾರನೇ ದಿನ ಹೊಸ ಇನ್‌ಸ್ಪೆಕ್ಟರು ಬಂದರು. ಅವರ ಹಿಂದೆ ಆಡಳಿತದ ಸಾಹೇಬರು, ಜಯರಾಮಯ್ಯ, ಫೋರ್‌ಮನ್ ಶಿವಲಿಂಗಯ್ಯ. ಈ ಕಡೆಯಿಂದ ದ್ಯಾವಯ್ಯ, ಹೊನ್ನಪ್ಪ, ತಿಮ್ಮರಾಜು. ಬೀಗ ತೆಗೆದರು. ಒಣಗಿದ ಹೂವಿನ ವಾಸನೆ ಬಂತು.

“ಬಲಗಡೆ ಬಟನ್ ನೋಡಿ ಸಾ,” ದ್ಯಾವಯ್ಯ ಮುಂದೆ ನುಗ್ಗಿದ. “ಟೇಪು…”

ತಿಮ್ಮರಾಜುವಿಗೆ ತಾನು ಮಾಡಿದ್ದೇನೆಂದು ಹೊಳೆದದ್ದು ಆಗ, ಆ ಕ್ಷಣದಲ್ಲಿ. ಎರಡು ಬಟನ್ನು, ಎರಡರ ಮೇಲೂ ದುಂಡಗೆ ಕುಂಕುಮ. ಇನ್‌ಸ್ಪೆಕ್ಟರು ಕರೆಂಟು ಹಾಕಿಸಿದರು. ಎಡದ್ದೊಂದನ್ನೇ ಒತ್ತಿದರು, ಮಷೀನು ಕದಲಲಿಲ್ಲ. ಎರಡನ್ನೂ ಒತ್ತಿದರು, ಅಚ್ಚು ದಢ್ ಎಂದು ಇಳಿಯಿತು. ನಿಂಬೆಹಣ್ಣು ಒಡೆದು ರಸ ಸಿಡಿಯಿತು.

“ಸರಿಯಾಗೇ ಇದೆಯಲ್ಲ?” ಎಂದರು.

“ಟೇಪ್ ಇತ್ತು ಸಾ! ನಾನೇ ಕಿತ್ತಾಕ್ದೆ!” ತಿಮ್ಮರಾಜು ಕೂಗಿಯೇಬಿಟ್ಟ. “ನನ್ ಮಕ್ಕಳಾಣೆ ಇತ್ತು ಸಾ! ಪೂಜೆ ಅಂತ… ಗಲೀಜಾಗಿತ್ತು ಅಂತ…”

“ಎಲ್ಲಿ ಅದು?”

“ಸುಟ್ಬುಟ್ಟೆ ಸಾ.”

ಸಾಹೇಬರು ಜಯರಾಮಯ್ಯನವರ ಕಡೆ ನೋಡಿದರು. ಜಯರಾಮಯ್ಯ ಕಾಗದ ತೆಗೆದು ತೋರಿಸಿದರು: ಕಾರ್ಮಿಕರ ಕೋರಿಕೆಯ ಮೇರೆಗೆ ಬೀಗ ತೆರೆಯಲಾಯಿತು, ಮೊದಲ ಸಹಿ ತಿಮ್ಮರಾಜು. ತೋರಿಸಿದವರೇ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಎಲ್ಲರ ಹಿಂದಕ್ಕೆ ಸರಿದರು. ಹೀಗೇ ಆಗಲಿ ಎಂದು ಅವರು ಬಯಸಿದ್ದರೋ, ಅವರನ್ನು ಮುಂದೆ ಬಿಟ್ಟು ಬೇರೆಯವರು ಬಯಸಿದ್ದರೋ, ತಿಮ್ಮರಾಜುವಿಗೆ ಕೊನೆಗೂ ತಿಳಿಯಲಿಲ್ಲ. ಇನ್‌ಸ್ಪೆಕ್ಟರು ‘ಎರಡೂ ಬಟನ್ನು ಸುಸ್ಥಿತಿಯಲ್ಲಿವೆ’ ಎಂದು ಬರೆದುಕೊಂಡರು.

ಒಂದು ವಾರ ತಡೆದರು, ಅಷ್ಟೆ. ಆಮೇಲೆ ಒಬ್ಬೊಬ್ಬರಾಗಿ, ಇನ್ನು ಕೆಲಸ ನಿಲ್ಲಿಸುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟು ಒಳಗೆ ಹೋದರು. ದ್ಯಾವಯ್ಯನನ್ನು ತೆಗೆದುಹಾಕಿದರು. ಚಪ್ಪರದ ಗಳುಗಳನ್ನು ಯಾರೋ ಸೌದೆಗೆ ಹೊತ್ತುಕೊಂಡು ಹೋದರು.

ಹೊನ್ನಪ್ಪ ಸಾಮಾನು ಕಟ್ಟುವ ದಿನ ತಿಮ್ಮರಾಜು ಅವನ ಮನೆಗೆ ಹೋದ. ಊಟದ ಹೊತ್ತು. ಹೆಂಡತಿ ಮುದ್ದೆ ಮುರಿದು ಚೂರು ಮಾಡಿ ತಟ್ಟೆಗೆ ಹಾಕುತ್ತಿದ್ದಳು, ಅವನು ಉಳಿದ ಬೆರಳುಗಳಲ್ಲಿ ಸಾರಿಗೆ ಅದ್ದಿ ನುಂಗುತ್ತಿದ್ದ. ತಿಮ್ಮರಾಜು ಬಾಗಿಲಲ್ಲೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ.

“ಉಗೀಲಾ ನನ್ ಮಕಕ್ಕೆ. ನಾಕು ಒದೀಲಾ.”

“ಏ ಬುಡಣ್ಣ. ಮಡಗು ಅಂದೋನು ನಾನೇ ಅಲ್ವಾ?” ಹೊನ್ನಪ್ಪ ಇನ್ನೊಂದು ತುತ್ತು ನುಂಗಿ ಕೇಳಿದ: “ಟೇಪ್ ಕಿತ್ತಾಗ ಬಟನ್ ಮ್ಯಾಕೆ ಬಂತಾ?”

“ಬಂತು ಕಣ್ಲಾ.”

“ಅಷ್ಟಾರ ಆಯ್ತಲ್ಲ. ನನ್ ಜಾಗಕ್ಕೆ ಬರೋನ್ ಕೈ ಉಳ್ಕತದೆ.”

ಆ ಮಾತನ್ನು ಇಟ್ಟುಕೊಂಡು ತಿಮ್ಮರಾಜು ಕೆಲಸಕ್ಕೆ ಹೋದ. ಏಳನೇ ನಂಬರು ಮೊದಲಿನಂತೆಯೇ ಓಡಿತು, ಅವನಿಗೇ ಅದರ ಮುಖ ನೋಡಲಾಗುತ್ತಿರಲಿಲ್ಲ. ಹನ್ನೆರಡನೇ ದಿನ ಪ್ರೆಸ್ ಶಾಪಿನಿಂದ ಬರುವ ದಢ್ ದಢ್ ಸದ್ದಿನ ವೇಗ ಬದಲಾದದ್ದು ಅವನ ಕಿವಿಗೆ ಬಿತ್ತು. ಅವನ ಕೈ ನಿಂತಿತು. ಮಷೀನು ಆರಿಸಿ ಹೋಗಿ ನೋಡಿದ. ನಾಗಮಂಗಲ ಕಡೆಯಿಂದ ಹೊಸದಾಗಿ ಬಂದ ಕುಳ್ಳಯ್ಯ ಎಡಗೈಯಲ್ಲಿ ಒತ್ತುತ್ತ ಬಲಗೈಯಲ್ಲಿ ತಗಡು ಇಡುತ್ತಿದ್ದ. ಬಲಗೈ ಬಟನ್ನಿನ ಮೇಲೆ ಹೊಸ ಟೇಪು. ಇನ್ನೂ ಧೂಳು ಸಹ ಕೂತಿರಲಿಲ್ಲ.

ತಿಮ್ಮರಾಜುವಿನ ಉಗುರು ತಾನಾಗಿ ಮುಂದೆ ಹೋಯಿತು. ಟೇಪಿಗೆ ಇನ್ನೊಂದು ಗೇಣು ಇದ್ದಾಗ ಅವನು ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದುಕೊಂಡ. ಕರೆಂಟು ಆರಿಸಿ, ಪ್ರೆಸ್ಸಿಗೂ ಕುಳ್ಳಯ್ಯನಿಗೂ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ಶಿವಲಿಂಗಯ್ಯ ಓಡಿಬಂದ. “ಏಯ್, ಏನ್ಲಾ ಇದು? ಎದ್ದೇಳ್ಲಾ!”

“ಮುಟ್ಬ್ಯಾಡಿ,” ಎಂದ ತಿಮ್ಮರಾಜು. “ನಾನೂ ಮುಟ್ಟಕಿಲ್ಲ, ನೀವೂ ಮುಟ್ಬ್ಯಾಡಿ. ಇನ್‌ಸ್ಪೆಕ್ಟ್ರು ಬರೋಗಂಟ ಇದು ಇಂಗೇ ಇರ್ಬೇಕು.”

“ಮುಚ್ಚಳಿಕೆ ಬರ್ಕೊಟ್ಟಿದೀಯ, ಗ್ಯಾನ ಅದಾ? ನಾಳಿಕ್ಕೆ ಗೇಟಾಚೆ ಇರ್ತೀಯ!”

“ಇರ್ತೀನಿ. ಅವರು ಬಂದ್ ನೋಡ್ಲಿ, ಆಮ್ಯಾಕೆ ಇರ್ತೀನಿ.”

ಶಿವಲಿಂಗಯ್ಯ ಸಾಹೇಬರನ್ನು ಕರೆಯಲು ಓಡಿದ. ಆಚೆ ಶಾಪಿನಲ್ಲಿ ಒಂದಿಬ್ಬರು ತಲೆಯೆತ್ತಿ ನೋಡಿ ಮತ್ತೆ ಬಗ್ಗಿದರು. ಉಳಿದ ಮಷೀನುಗಳು ಓಡುತ್ತಲೇ ಇದ್ದವು. ಕುಳ್ಳಯ್ಯ ಮಾತ್ರ ಏನೊಂದೂ ಅರ್ಥವಾಗದೆ, ತನ್ನ ಎರಡು ಕೈಗಳನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ಅಲ್ಲೇ ನಿಂತಿದ್ದ.