ಮನೆಗೆ ಒಂದೇ ಭಾಷೆ

ನಾನು ಬಾಯಿಬಡುಕಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಸನದ ನಮ್ಮ ಬೀದಿಯಲ್ಲಿ ಸುಮತಿಯಮ್ಮನ ಮನೆ ಯಾವುದು ಅಂದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಆ ಮಾತಿನಮ್ಮನ ಮನೆ ಅಂದರೆ ಹಾಲಿನವನೂ ತೋರಿಸುತ್ತಿದ್ದ. ನಮ್ಮ ಯಜಮಾನರು ಬದುಕಿದ್ದಾಗ, “ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಕಣೇ” ಎಂದು ಬುದ್ಧಿ ಹೇಳುತ್ತಿದ್ದರು. “ನಿಮ್ಮ ಮನೇಲಿ ಮುತ್ತು ಯಾವತ್ತಿತ್ತು ಒಡೆಯೋಕೆ?” ಅಂದರೆ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಅಂಥವಳು ಅಹಮದಾಬಾದಿಗೆ ಬಂದು, ಸ್ಯಾಟಲೈಟ್ ಅನ್ನುವ ಬಡಾವಣೆಯ ಫ್ಲ್ಯಾಟೊಂದರಲ್ಲಿ, ಸ್ವಂತ ಮೊಮ್ಮಗಳ ಎದುರು ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಮಗ ಸುಧನ್ವ ಇಲ್ಲಿನ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ, ಸೊಸೆ ವೇದಾಳೂ ಅಲ್ಲೇ. ಅವರ ಮಗಳು ದೀಪ್ತಿ. ಎರಡು ತುಂಬಿದರೂ ಅದರ ಬಾಯಲ್ಲಿ ‘ಅಮ್ಮ’ ಅನ್ನುವ ಮಾತು ಬರಲಿಲ್ಲ. ಕೆಲವು ಮಕ್ಕಳಿಗೆ ಮಾತು ತಡ, ಯೋಚನೆ ಮಾಡಬೇಡಿ ಎಂದು ನಾನೇ ಧೈರ್ಯ ಹೇಳಿದ್ದೆ. ಒಂದು ದಿನ ಅಡುಗೆಮನೆಯಲ್ಲಿ ನನ್ನ ಕೈಯಿಂದ ದೊಡ್ಡ ಸ್ಟೀಲ್ ತಟ್ಟೆ ಜಾರಿ ಬಿತ್ತು. ಪಕ್ಕದ ಫ್ಲ್ಯಾಟಿನವರು ಬಾಗಿಲು ತೆರೆದು ಇಣುಕಿದರು. ಅಲ್ಲೇ ನನಗೆ ಬೆನ್ನು ಮಾಡಿ ಕೂತಿದ್ದ ಮಗು ತನ್ನ ಪಾಡಿಗೆ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸುತ್ತಲೇ ಇತ್ತು. ಅವತ್ತೇ ಸಂಜೆ ಮಗನಿಗೆ ಹೇಳಿದೆ.

ಪರೀಕ್ಷೆಗಳಾದವು. ಎರಡೂ ಕಿವಿ ಮಂದ. ಪುಟ್ಟ ಕಿವಿಗಳ ಹಿಂದೆ ನೇರಳೆ ಬಣ್ಣದ, ಕೇಳಿಸುವ ಮಿಷನ್ ಬಂದವು. ಇನ್ನು ಮೇಲೆ ಕೇಳಿಸುತ್ತದೆ, ಆದರೆ ಕೇಳಿದ್ದು ಮಾತು ಅಂತ ಮಗುವಿಗೆ ಗೊತ್ತಾಗಬೇಕಾದರೆ ಮನೆಯಲ್ಲೇ ಕಲಿಸಬೇಕು ಎಂದರು ಡಾಕ್ಟರು. ಮಾತು ಕಲಿಸುವ ಹುಡುಗಿಯೊಬ್ಬಳು, “ಮನೆಯಲ್ಲಿ ಒಂದೇ ಭಾಷೆ ಇರಲಿ. ಅದನ್ನೇ ದಿನವಿಡೀ ಕಿವಿಗೆ ಹಾಕಿ” ಎಂದಳಂತೆ. ಅವಳು ಹೇಳಿದ್ದು ಹಿಂದಿಯಲ್ಲಿ, ಇವರು ತಲೆಯಾಡಿಸಿದ್ದೂ ಹಿಂದಿಯಲ್ಲಿ. ಯಾವ ಭಾಷೆ ಎಂದು ಅವಳು ಕೇಳಲಿಲ್ಲ, ಇವರೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ತಿಂಡಿ ತಿನ್ನುತ್ತಾ ಲೆಕ್ಕ ಹಾಕಿದರು. ಸ್ಕೂಲಿನಲ್ಲಿ ಹಿಂದಿ, ಕೆಳಗೆ ಆಡುವ ನಾನಾ ರಾಜ್ಯದ ಮಕ್ಕಳದ್ದು ಹಿಂದಿ, ಮಾತು ಕಲಿಸುವವಳದ್ದು ಹಿಂದಿ. ಕನ್ನಡ ಇರುವುದು ಈ ಮೂರು ಕೋಣೆಗಳಲ್ಲಿ ಮಾತ್ರ. ಅಂದಮೇಲೆ ಹಿಂದಿಯೇ ಸರಿ. ಓದಿದವರ ಲೆಕ್ಕ, ಎಲ್ಲೂ ತಪ್ಪು ಕಾಣಲಿಲ್ಲ.

“ಅಮ್ಮ, ಇನ್ಮೇಲೆ ದೀಪ್ತಿ ಮುಂದೆ ಕನ್ನಡ ಬೇಡ” ಎಂದ ಸುಧನ್ವ.

“ನನಗೆ ಹಿಂದಿ ಎಲ್ಲಿ ಬರುತ್ತೋ? ಕೊತ್ತಂಬರಿ ಸೊಪ್ಪು ತಗೊಳ್ಳೋವಷ್ಟು ಬರುತ್ತೆ.”

“ಕಲೀತೀಯ ಬಿಡು.”

ಕಲಿಯಲು ಹೊರಟೆ. ಟಿವಿ ನೋಡಿ ನೋಡಿ, “ಬೇಟಾ, ದೂದ್ ಪೀತಾ ಹೈ ಕ್ಯಾ” ಎಂದು ಹೆಣ್ಣುಮಗುವನ್ನು ಗಂಡುಮಗುವಿನ ಹಾಗೆ ಕೇಳಿದೆ. ವೇದಾ ಪಾಪ, ನಗಲಿಲ್ಲ. ಬಹಳ ಮರ್ಯಾದೆಯಿಂದಲೇ, “ಅತ್ತೆ, ತಪ್ಪು ಮಾತು ಕಿವಿಗೆ ಬೀಳೋದಕ್ಕಿಂತ ಬೀಳದೇ ಇರೋದೇ ವಾಸಿ. ಅವಳಿಗೆ ಒಂದೊಂದು ಮಾತೂ ಕಷ್ಟ” ಎಂದಳು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ ಇರಬೇಕು. ನನ್ನ ಮಾತಿನಿಂದ ಮಗುವಿನ ಮಾತು ಕೆಡುವುದಾದರೆ ನನ್ನ ನಾಲಗೆ ಇದ್ದೇನು ಉಪಯೋಗ ಅನ್ನಿಸಿತು. ಅವತ್ತೇ ಸುಮ್ಮನಾದೆ.

ಸುಮ್ಮನಾದೆ ಎಂದರೆ ಸುಲಭವಾಗಿ ಕೇಳಿಸುತ್ತದೆ. ಇವರಿಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಸ್ಕೂಲು, ಮಧ್ಯಾಹ್ನದಿಂದ ಸಂಜೆಯ ತನಕ ಮಗು ನನ್ನ ಜೊತೆ. ಅನ್ನ ಕಲಸಿ ತಿನ್ನಿಸುತ್ತಿದ್ದೆ, ಜಡೆ ಹಾಕುತ್ತಿದ್ದೆ, ತಟ್ಟಿ ಮಲಗಿಸುತ್ತಿದ್ದೆ, ಎಲ್ಲವೂ ಬಾಯಿ ಬಿಗಿದುಕೊಂಡು. ತುತ್ತು ಎತ್ತಿದಾಗಲೆಲ್ಲ ‘ಕಾಗೆ ಬಂತು, ಗುಬ್ಬಿ ಬಂತು’ ಗಂಟಲಿನ ತನಕ ಬಂದು ನಿಲ್ಲುತ್ತಿತ್ತು. ಅದು ಬಟ್ಟಲುಗಣ್ಣು ಬಿಟ್ಟು ನನ್ನ ತುಟಿಗಳನ್ನೇ ನೋಡುತ್ತಿತ್ತು. ನಾನು ಮುಖ ತಿರುಗಿಸುತ್ತಿದ್ದೆ.

ವಾರಕ್ಕೊಮ್ಮೆ ಹತ್ತಿರದ ಉಡುಪಿ ಹೋಟೆಲಿಗೆ ಕಾಫಿ ನೆಪದಲ್ಲಿ ಹೋಗಿ, ಗಲ್ಲಾದಲ್ಲಿ ಕೂತಿರುತ್ತಿದ್ದ ಪದ್ಮನಾಭಯ್ಯನ ತಲೆ ತಿನ್ನುತ್ತಿದ್ದೆ. “ಎಂತ ಅಮ್ಮ, ನಿಮ್ಮ ಮನೆಯಲ್ಲಿ ಮಾತಾಡ್ಲಿಕ್ಕೆ ಜನ ಇಲ್ವಾ?” ಎಂದು ಅವರು ಒಮ್ಮೆ ನಕ್ಕರು. ನಾನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ಸಂಜೆ ವೇದಾ ಚಿತ್ರದ ಕಾರ್ಡುಗಳನ್ನು ಹಿಡಿದು ಕೂರುತ್ತಿದ್ದಳು. “ಯೇ ಕ್ಯಾ ಹೈ? ಯೇ ಸೇಬ್ ಹೈ.” ಆಫೀಸಿನ ದಣಿವನ್ನು ಬದಿಗಿಟ್ಟು, ಎಷ್ಟು ತಾಳ್ಮೆಯಿಂದ! ತಾಯಿಯಾಗಿ ಅವಳು ಯಾವುದರಲ್ಲೂ ಕಡಿಮೆ ಮಾಡಲಿಲ್ಲ, ಸುಳ್ಳು ಹೇಳಬಾರದು. ಆದರೆ ಕಾರ್ಡು ಮುಗಿದರೆ ಮಾತೂ ಮುಗಿಯುತ್ತಿತ್ತು. ಮಗುವನ್ನು ಗದರಿಸುವಾಗ ಹಿಂದಿ ಹುಡುಕಬೇಕು, ಮುದ್ದು ಮಾಡುವಾಗಲೂ ಹುಡುಕಬೇಕು. ಹುಡುಕುವಷ್ಟರಲ್ಲಿ ಸಿಟ್ಟೂ ಆರುತ್ತಿತ್ತು, ಮುದ್ದೂ ಆರುತ್ತಿತ್ತು. ಗಂಡ ಹೆಂಡತಿಗೆ ಏನಾದರೂ ಮಾತಾಡಬೇಕಾದರೆ ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಳ್ಳುತ್ತಿದ್ದರು. ಅಲ್ಲಿ ಅವರು ನಗುತ್ತಿದ್ದರು, ಜಗಳವಾಡುತ್ತಿದ್ದರು, ಆಫೀಸಿನ ಸಮಾಚಾರ, ಊರಿನ ಸಮಾಚಾರ ಎಲ್ಲ ಅಲ್ಲೇ. ದೀಪ್ತಿ ಒಳಗಿನಿಂದ ಗಾಜಿಗೆ ಮೂಗು ಒತ್ತಿ ನಿಂತು ಆ ಬಾಯಿಗಳನ್ನು ನೋಡುತ್ತಿತ್ತು.

ಒಂದು ರಜಾದಿನ ನಾನು ದೋಸೆ ಹುಯ್ಯುತ್ತಿದ್ದಾಗ ಮಗು ಸ್ಟೂಲ್ ಹತ್ತಿ ಕಾದ ಕಾವಲಿಗೆ ಕೈ ಚಾಚಿತು. “ಅಯ್ಯೋ, ಮುಟ್ಬೇಡ್ವೇ!” ಎಂದು ಕಿರುಚಿದೆ. ಅದು ಗಕ್ಕನೆ ಕೈ ಹಿಂದೆಳೆದು ನನ್ನತ್ತ ತಿರುಗಿತು. ಹೆದರಲಿಲ್ಲ, ನಕ್ಕಿತು! ಯಾರೋ ಬಾಗಿಲು ತೆರೆದರು ಎಂಬಂತೆ ಮುಖವೆಲ್ಲ ಅರಳಿತು.

ವೇದಾ ಓಡಿ ಬಂದಳು. ಕೈ ಸುಟ್ಟಿಲ್ಲ ಎಂದು ನೋಡಿಕೊಂಡು, ಉಸಿರು ಬಿಟ್ಟು, “ಅತ್ತೆ, ಹಿಂದೀಲೇ ಹೇಳಬಹುದಿತ್ತಲ್ವಾ?” ಎಂದಳು.

ಕೋಪ ನೆತ್ತಿಗೇರಿತು. “ಮಗು ಕೈ ಸುಟ್ಕೊಳ್ತಿರೋವಾಗ ನಾನು ಡಿಕ್ಷನರಿ ತೆಗೀಲಾ?”

ಅವಳು ಅಲ್ಲೇ ಕುಸಿದು ಕೂತು ಅತ್ತಳು. “ನನಗೇನು ಆಸೇನಾ ಅತ್ತೆ? ಅವಳು ಒಂದು ಸಲ ನನ್ನನ್ನ ಕರೆದರೆ ಸಾಕು. ಯಾವ ಭಾಷೇಲಾದ್ರೂ ಸರಿ.” ಆ ಅಳು ಕನ್ನಡದಲ್ಲೇ ಇತ್ತು. ಆಮೇಲೆ ನಾನು ಎದುರಾಡಲಿಲ್ಲ. ಅವಳ ಆಸೆಯೇ ನನ್ನದೂ. ಸಾಯುವುದರೊಳಗೆ ಅದರ ಬಾಯಿಂದ ‘ಅಜ್ಜಿ’ ಅನ್ನಿಸಿಕೊಳ್ಳಬೇಕು, ಅಷ್ಟೇ.

ನಾಲ್ಕೂವರೆ ವರ್ಷಕ್ಕೂ ದೀಪ್ತಿಗೆ ಬಂದದ್ದು ಬೆರಳೆಣಿಕೆಯ ಪದಗಳು. ಕಾರ್ಡು ತೋರಿಸಿದರೆ “ಸೇ” ಅನ್ನುತ್ತಿತ್ತು. ನಿಜವಾದ ಸೇಬು ಕೊಟ್ಟರೆ ಸುಮ್ಮನೆ ತಿನ್ನುತ್ತಿತ್ತು. ಯಾರೋ ಹೇಳಿದರೆಂದು ವಡೋದರಾದ ಡಾಕ್ಟರ್ ಕೃಪಾ ಅವರ ಬಳಿಗೆ ಹೋದೆವು. ಗುಜರಾತಿ ಹೆಂಗಸು, ನನ್ನ ತಂಗಿಯ ವಯಸ್ಸು. ಮಗುವಿನ ಜೊತೆ ನೆಲದ ಮೇಲೆ ಕೂತು ಬಹಳ ಹೊತ್ತು ಆಡಿದರು. ಆಮೇಲೆ ಹಿಂದಿಯಲ್ಲಿ ಕೇಳಿದರು. ಎರಡು ವರ್ಷ ಬಾಯಿ ಮುಚ್ಚಿ ಕಿವಿ ತೆರೆದುಕೊಂಡು ಕೂತವಳಿಗೆ ಅಷ್ಟಾದರೂ ಅರ್ಥವಾಗುತ್ತಿತ್ತು.

“ಮನೆಯಲ್ಲಿ ಯಾವ ಭಾಷೆ?”

“ಹಿಂದಿ, ಮೇಡಂ. ಬೇರೆ ಏನೂ ಕಿವಿಗೆ ಬೀಳದ ಹಾಗೆ ನೋಡಿಕೊಂಡಿದ್ದೇವೆ” ಎಂದ ಸುಧನ್ವ. ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದ ಹುಡುಗನ ದನಿ.

“ನೀವಿಬ್ಬರೂ ಜಗಳ ಆಡೋದು ಯಾವ ಭಾಷೆಯಲ್ಲಿ?”

ಇಬ್ಬರೂ ಮುಖ ಮುಖ ನೋಡಿಕೊಂಡರು. “ಕನ್ನಡ” ಎಂದಳು ವೇದಾ.

ಡಾಕ್ಟರು ಆಟಿಕೆಗಳನ್ನು ಬದಿಗೆ ಸರಿಸಿದರು. ಆಮೇಲೆ ಮೆತ್ತಗೆ ಹೇಳಿದರು: ಒಂದೇ ಭಾಷೆ ಅಂದರೆ ಮನೆಯವರು ಯೋಚಿಸದೆ ಆಡುವ ಭಾಷೆ. ಬೈಗುಳ, ಹಾಡು, ಹರಟೆ, ಎಲ್ಲವೂ ದಿನವಿಡೀ ಕಿವಿಗೆ ಸುರಿಯಬೇಕು. ಅದರಿಂದಲೇ ಮಗು ಮಾತನ್ನು ಹೆಕ್ಕಿಕೊಳ್ಳುತ್ತದೆ. ಒಂದು ಗಟ್ಟಿಯಾದರೆ ಮಿಕ್ಕ ಭಾಷೆಗಳು ಹಿಂದೆಯೇ ಬರುತ್ತವೆ. ಮಾತು ಕಡಿಮೆ ಇರುವ ಮನೆಯಲ್ಲಿ ಮಿಷನ್ ಇದ್ದೂ ಏನು ಮಾಡುತ್ತದೆ? ಹೋದ ವರ್ಷಗಳೇ ಮುಖ್ಯವಾದವು. ಇನ್ನು ಎಷ್ಟು ಬರುತ್ತದೋ, ಸುಳ್ಳು ಭರವಸೆ ಕೊಡಲಾರೆ. ಆದರೆ ಇವತ್ತೇ ಶುರು ಮಾಡಿ.

“ನಿಮ್ಮ ಮನೆಯಲ್ಲಿ ಜಾಸ್ತಿ ಮಾತಾಡುವವರು ಯಾರು?” ಎಂದು ಕೊನೆಗೆ ಕೇಳಿದರು.

ಮಗ ನೆಲ ನೋಡಿದ. ಸೊಸೆ ನನ್ನನ್ನು ನೋಡಿದಳು. ನನಗೆ ಅಲ್ಲೇ ಎದೆ ಬಡಿದುಕೊಂಡು ಅಳಬೇಕು ಅನ್ನಿಸಿತು. ಯಾರನ್ನು ಅಂತ ಬೈಯಲಿ? ಎಲ್ಲರೂ ಮಗುವಿನ ಒಳ್ಳೆಯದಕ್ಕೇ ಮಾಡಿದ್ದರು.

ವಾಪಸು ಬರುವಾಗ ಸುಧನ್ವ ಕಾರು ಓಡಿಸುತ್ತಿದ್ದ, ಪಕ್ಕದಲ್ಲಿ ವೇದಾ, ಹಿಂದೆ ನಾನು ಮತ್ತು ದೀಪ್ತಿ. ಕಾರು ಊರು ದಾಟಿತು. ಆಮೇಲೆ ವೇದಾ ಮುಂದಕ್ಕೆ ನೋಡುತ್ತಲೇ, “ಅತ್ತೆ, ಮಾತಾಡಿ. ಏನಾದ್ರೂ ಮಾತಾಡಿ” ಎಂದಳು.

ಕೂಡಿಟ್ಟ ಮಾತೆಲ್ಲ ಒಮ್ಮೆಗೇ ನುಗ್ಗಿ ಬಂತು, ಯಾವುದನ್ನು ಮೊದಲು ಆಡಲಿ ಗೊತ್ತಾಗಲಿಲ್ಲ. ಕಿಟಕಿಯಾಚೆ ಹೊಂಡದಲ್ಲಿ ಎಮ್ಮೆಗಳು ಮಲಗಿದ್ದವು. “ನೋಡೇ ಪುಟ್ಟಾ, ಎಮ್ಮೆ! ಎಷ್ಟೊಂದು ಎಮ್ಮೆ ನೋಡೇ ನನ್ನ ಬಂಗಾರ!” ಎಂದೆ.

ದೀಪ್ತಿ ಬೆಚ್ಚಿ ನನ್ನತ್ತ ತಿರುಗಿದಳು. ಥಟ್ಟನೆ ತನ್ನ ಪುಟ್ಟ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಇನ್ನೊಂದು ಕೈಯ ಬೆರಳನ್ನು ತನ್ನ ತುಟಿಯ ಮೇಲಿಟ್ಟು, ಬೇಡ ಬೇಡ ಎಂದು ತಲೆಯಾಡಿಸಿ, ಹೆದರಿದ ಕಣ್ಣಿನಿಂದ ಮುಂದಿನ ಸೀಟಿನ ಅಮ್ಮನ ಕಡೆ ನೋಡಿದಳು. ಅವತ್ತು ಅಡುಗೆಮನೆಯಲ್ಲಿ ಆದ ಹಾಗೆ ಅಜ್ಜಿ ಬೈಸಿಕೊಳ್ಳುತ್ತಾಳೆ ಎಂದು ಅವಳ ಭಯ.

ವೇದಾ ಅದನ್ನು ನೋಡಿದಳು. ಬೆಲ್ಟ್ ಕಿತ್ತು ಪೂರ್ತಿ ಹಿಂದಕ್ಕೆ ತಿರುಗಿ, ಅಳುತ್ತಾ, “ಬಿಡು ಕಂದಾ, ಅಜ್ಜಿ ಮಾತಾಡ್ಲಿ. ಬಿಡೇ” ಎಂದಳು.

ದೀಪ್ತಿ ಅಮ್ಮನ ತುಟಿಗಳನ್ನೇ ಗಮನವಿಟ್ಟು ನೋಡಿದಳು. ಒಂದು ಮಾತೂ ಅವಳಿಗೆ ತಿಳಿಯಲಿಲ್ಲ. ನನ್ನ ಬಾಯಿಯ ಮೇಲಿದ್ದ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿ ಹಿಡಿದಳು.