ಮೂರು ಸಿನಿಮಾ, ಮೂರು ‘ಅಡ್ಡಿಲ್ಲ’

ಯಶಸ್ವಿನಿಗೆ ಸಿನಿಮಾ ನೋಡುವುದು ಅರ್ಧ ಖುಷಿ. ನೋಡಿ ಬಂದು ತೀರ್ಪು ಕೊಡುವುದು ಉಳಿದರ್ಧ. ವಾರವಿಡೀ ಹೊಸನಗರದ ಲ್ಯಾಬೊಂದರಲ್ಲಿ ಮಂದಿಯ ರಕ್ತ ಪರೀಕ್ಷೆ ಮಾಡುವ ಈ ಹುಡುಗಿ ಭಾನುವಾರ ಬಂತೆಂದರೆ ಸಾಗರದ ಬಸ್ಸು ಹತ್ತುತ್ತಿದ್ದಳು. ಸಂಜೆಯೊಳಗೆ ಅವಳ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ತೀರ್ಪು ಬಿದ್ದೇ ಬೀಳುತ್ತಿತ್ತು.

ದೆವ್ವದ ಸಿನಿಮಾಕ್ಕೆ: ‘ಹೆದರಿದ್ದು ಹೌದು, ಆದರೆ ದೆವ್ವಕ್ಕಲ್ಲ, ಮ್ಯೂಸಿಕ್ಕಿಗೆ. ಕಿವಿಗೆ ಹತ್ತಿ ಇಟ್ಟುಕೊಂಡರೆ ಒಳ್ಳೇ ಕಾಮಿಡಿ.’ ಹೊಡೆದಾಟದ ಸಿನಿಮಾಕ್ಕೆ: ‘ಹೀರೋ ಬಾಗಿಲಿಂದ ಕುರ್ಚಿವರೆಗೆ ನಡೆದು ಬರುವಷ್ಟರಲ್ಲಿ ನಾನು ಹೊರಗೆ ಹೋಗಿ ಟೀ ಕುಡಿದು ಬಂದೆ.’ ಪ್ರೀತಿಯದ್ದಕ್ಕೆ: ‘ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಹಾಗಾಗಿ ಮೂರು ಗಂಟೆ.’

ಮೊದಲೆಲ್ಲ ಜೊತೆಗೆ ಗೆಳತಿ ರಕ್ಷಾ ಇರುತ್ತಿದ್ದಳು. ವಾಪಸ್ ಬರುವ ಬಸ್ಸಿನಲ್ಲಿ ಇಬ್ಬರೂ ಸಿನಿಮಾದ ಸಿಪ್ಪೆ ಸುಲಿಯುತ್ತಿದ್ದರೆ ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದನ್ನು ಬಿಟ್ಟು ಕೇಳುತ್ತಿದ್ದ. ರಕ್ಷಾ ಮದುವೆಯಾಗಿ ಮಂಗಳೂರು ಸೇರಿದ ಮೇಲೆ ಯಶಸ್ವಿನಿ ಒಬ್ಬಳೇ ಕಿಟಕಿಗೆ ತಲೆಯಾನಿಸಿ ಬರುವಂತಾಯಿತು. ಸ್ಟೇಟಸ್ಸು ಶುರುವಾದದ್ದೇ ಆಗ. ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಇಂಥವಳಿಗೆ ಗಂಡು ಬಂತು. ಸಾಗರದಲ್ಲಿ ಸೋಲಾರ್ ಅಂಗಡಿ ಇಟ್ಟಿರುವ ಅಶ್ವಿನ್. ತೀರ್ಥಹಳ್ಳಿಯ ಅವಳ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆದ ದಿನ ಹಿರಿಯರೆಲ್ಲ ಗಂಭೀರವಾಗಿ ಕೂತಿದ್ದಾಗ ಬೆಕ್ಕು ಉಪ್ಪಿಟ್ಟಿನ ತಟ್ಟೆಗೆ ಬಾಯಿ ಹಾಕಿತು. ಹುಡುಗ ಕಿಸಕ್ಕನೆ ನಕ್ಕುಬಿಟ್ಟ. ಅಷ್ಟೇ, ಯಶಸ್ವಿನಿಗೆ ಹಿಡಿಸಿಬಿಟ್ಟ. ಚೆನ್ನಾಗಿಯೇ ಹಿಡಿಸಿದ.

ಆದರೆ ಫೋನಿನಲ್ಲಿ ಮೆಸೇಜು ಶುರುವಾದ ಮೇಲೆ ಎದೆ ಕುಸಿಯಿತು. ಈಚೆಗೆ ನೋಡಿದ ಮೂರು ಸಿನಿಮಾಗಳ ಹೆಸರು ಕಳಿಸಿ, ಹೇಗಿತ್ತು ಎಂದು ಕೇಳಿದ್ದಳು. ದೆವ್ವದ್ದಕ್ಕೆ ಬಂದ ಉತ್ತರ, ಮಲೆನಾಡಿನವರು ‘ಪರವಾಗಿಲ್ಲ’ ಎನ್ನಲು ಬಳಸುವ ‘ಅಡ್ಡಿಲ್ಲ’. ಹೊಡೆದಾಟದ್ದಕ್ಕೂ ‘ಅಡ್ಡಿಲ್ಲ’. ಪ್ರೀತಿಯದ್ದಕ್ಕೆ? ಅದಕ್ಕೂ ‘ಅಡ್ಡಿಲ್ಲ’!

“ಅಮ್ಮಾ, ಈ ಮನುಷ್ಯನಿಗೆ ಹೊಟ್ಟೆಯೊಳಗೆ ಎಂಥದೂ ಇಲ್ಲ,” ಎಂದು ಫೋನಿನಲ್ಲಿ ಅತ್ತೇಬಿಟ್ಟಳು. “ಜೀವಮಾನವಿಡೀ ಇವರ ಪಕ್ಕ ಸಿನಿಮಾ ನೋಡಿ, ಬಾಯಿ ಮುಚ್ಚಿಕೊಂಡು ಮನೆಗೆ ಬರದಾ?”

ತಾಯಿ ತುಂಗಮ್ಮನಿಗೆ ರೇಗಿತು. “ನಿಂದೊಳ್ಳೆ ಕತೆ! ಭಾನುವಾರ ಸಂಜೆಗೆ ಅವರ ಮನೆಯವ್ರಿಗೆ ಹೂಂ ಅನ್ನದಾ ಉಹೂಂ ಅನ್ನದಾ ಹೇಳ್ಬೇಕು. ಫೋನಲ್ಲಿ ಒತ್ತಿದ ಅಕ್ಷರಕ್ಕೆ ರಾಗ ಇರ್ತದನೇ? ಅವನ ಬಾಯಲ್ಲೇ ಕೇಳು, ಹೋಗು.”

ಹಾಗಾಗಿ ಭಾನುವಾರ ಮಧ್ಯಾಹ್ನದ ಆಟಕ್ಕೆ ಇಬ್ಬರೂ ಸಾಗರದ ಟಾಕೀಸಿನಲ್ಲಿ ಅಕ್ಕಪಕ್ಕ ಕೂತರು. ಅಣ್ಣತಮ್ಮಂದಿರ ಕಥೆ. ಬೇಲಿಯ ಜಗಳದಿಂದ ಮಾತು ಬಿಟ್ಟು ಮುದುಕರಾದ ಇಬ್ಬರು ಕೊನೆಯಲ್ಲಿ ಒಂದೇ ಜಗಲಿಯಲ್ಲಿ ಕೂತು, ಒಂದೂ ಮಾತಿಲ್ಲದೆ ಕಾಫಿ ಕುಡಿಯುತ್ತಾರೆ. ಯಶಸ್ವಿನಿ ಬಿಕ್ಕಿ ಬಿಕ್ಕಿ ಅತ್ತಳು. ಇಂಥ ಸಿನಿಮಾ ನೋಡಿ ಎಷ್ಟು ಕಾಲವಾಯಿತು! ಎದೆ ತುಂಬಿ ಬಂದಿತ್ತು. ಈಗ ಅವನು ಏನಾದರೂ ಹೇಳಲಿ, ಏನಾದರೂ ಸರಿ, ಎಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು.

ಹೊರಗೆ ಬಂದು ಮೂಗು ಒರೆಸಿಕೊಂಡು ಕೇಳಿದಳು. “ಹೇಗಿತ್ತು?”

ಅಶ್ವಿನ್ ಅವಳ ಕೆಂಪು ಕಣ್ಣು ನೋಡಿ, ತಲೆ ಕೆರೆದುಕೊಂಡು, “ಅಡ್ಡಿ...ಲ್ಲ,” ಎಂದ.

ಯಶಸ್ವಿನಿ ನಿಂತಲ್ಲೇ ನಿಂತಳು. ಆ ಮಾತು ಮಧ್ಯದಲ್ಲಿ ಎಡವಿ, ಕೊನೆಗೆ ಸೊಪ್ಪಿನ ಹಾಗೆ ಬಾಡಿ ಬಿದ್ದಿತ್ತು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕೆ?

“ಅಂದ್ರೆ ಚೆನ್ನಾಗಿಲ್ಲ ಅಂತ!”

“ಅಯ್ಯೋ, ನಾನು ಹಾಗೆ ಹೇಳಲಿಲ್ವಲ್ಲ...”

“ಹೇಳಿದ್ರಿ! ನಾನೂ ತೀರ್ಥಹಳ್ಳಿಯವಳೇ ಕಣ್ರೀ, ನಂಗೆ ಗೊತ್ತಾಗಲ್ವಾ? ಹಾಗಾದ್ರೆ ಆ ದೆವ್ವದ ಸಿನಿಮಾದ ಅಡ್ಡಿಲ್ಲ ಎಂಥದು? ಈಗ ಬಾಯಲ್ಲಿ ಹೇಳಿ.”

ಅಶ್ವಿನ್ ಕಣ್ಣರಳಿಸಿ, “ಅಡ್ಡಿಲ್ಲಾ!” ಎಂದು ಕೂಗಿಯೇಬಿಟ್ಟ. ಪಕ್ಕದಲ್ಲಿ ಸ್ಕೂಟರು ತೆಗೆಯುತ್ತಿದ್ದವರು ತಿರುಗಿ ನೋಡಿದರು. ಬಾವಿಯ ಸೀನಿನಲ್ಲಿ ಅವನು ಮುಂದಿನ ಸೀಟಿನವರ ಜುಟ್ಟು ಹಿಡಿದುಕೊಂಡಿದ್ದನಂತೆ. ಹೊಡೆದಾಟದ್ದು ಬರೀ “ಅಡ್ಡಿಲ್ಲ”, ಬಸ್ ಸ್ಟ್ಯಾಂಡಿನ ಇಡ್ಲಿಗೆ ಹೇಳುವಂಥದ್ದು. ಪ್ರೀತಿಯದ್ದಕ್ಕೆ ಕೈಬೀಸಿ “ಅಡ್ಡಿಲ್ಲ ಬಿಡಿ” ಎಂದ; ಅರ್ಧದಲ್ಲೇ ಎದ್ದು ಬಂದಿದ್ದನಂತೆ.

“ಅದನ್ನೆಲ್ಲ ಟೈಪ್ ಮಾಡಿದ್ರೆ ಒಂದೇ ಥರ ಕಾಣ್ತದೆ ಅಂತ ನಂಗೆ ಹೊಳೀಲೇ ಇಲ್ಲ,” ಎಂದು ಪೆಚ್ಚಾಗಿ ನಕ್ಕ.

ಯಶಸ್ವಿನಿಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಕುಣಿಯಬೇಕೆನಿಸಿತು. ಜೊತೆಗೇ ಸಿಟ್ಟೂ ಉಕ್ಕಿತು. ಅವಳನ್ನು ಇಷ್ಟು ಅಳಿಸಿದ ಸಿನಿಮಾ ಇವನಿಗೆ ಹಿಡಿಸಲಿಲ್ಲವೆಂದರೆ ಏನರ್ಥ?

“ಈಗ ನೋಡಿದ್ದರಲ್ಲಿ ಎಂಥ ತಪ್ಪು ಕಂಡ್ತು ನಿಮಗೆ?”

“ಆ ಕಾಫಿ,” ಎಂದ ಅಶ್ವಿನ್. “ಅಷ್ಟು ವರ್ಷ ಮಾತು ಬಿಟ್ಟವ್ರು ಸುಮ್ನೆ ಕೂತು ಕಾಫಿ ಕುಡೀತಾರಾ? ಜಗಳ ಎಲ್ಲಿ ನಿಂತಿತ್ತೋ ಅಲ್ಲಿಂದಾನೇ ಶುರು ಮಾಡ್ತಾರೆ.”

“ಕ್ಷಮಿಸಿದ್ದಾರೆ ರೀ ಅವರು! ಅದಕ್ಕೇ ಮಾತು ಬೇಡ.”

“ಕ್ಷಮಿಸಿದ್ರೆ ಬಯ್ಬೇಕು. ಬಯ್ಯದೇ ಇದ್ರೆ ಇನ್ನೂ ಒಳಗೆ ಇಟ್ಕೊಂಡಿದ್ದಾರೆ ಅಂತ ಲೆಕ್ಕ.”

ಮಾತಿಗೆ ಮಾತು ಬೆಳೆಯಿತು. ಬಸ್ ಸ್ಟ್ಯಾಂಡ್ ಬಂದರೂ ಮುಗಿಯಲಿಲ್ಲ. ಹೊಸನಗರದ ಬಸ್ಸು ಹಾರ್ನ್ ಹೊಡೆದು ಹೊರಟೇ ಹೋಯಿತು. ಯಶಸ್ವಿನಿ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಕೆನ್ನೆ ಬಿಸಿಯಾಗಿತ್ತು, ಎಷ್ಟೋ ದಿನಗಳಿಂದ ಒಳಗೇ ಕೂತಿದ್ದ ಮಾತೆಲ್ಲ ಧುಮುಕಿ ಬರುತ್ತಿತ್ತು.

ಅಷ್ಟರಲ್ಲಿ ಫೋನ್ ಬಂತು. ತುಂಗಮ್ಮ.

“ಯಶೂ, ಅವರ ಮನೆಯವ್ರು ಕಾಯ್ತಿದಾರೆ. ಎಂಥ ಹೇಳ್ಲೇ?”

“ತಡಿ ಅಮ್ಮಾ, ಈ ಮನುಷ್ಯಂಗೆ ಸಿನಿಮಾನೇ ಅರ್ಥ ಆಗಲ್ಲ...”

“ಅಲ್ಲ ಮಾರಾಯ್ತಿ!” ಅಶ್ವಿನ್ ಪಕ್ಕದಿಂದ ಕೂಗಿದ. “ಬೇಲಿ ಹಾಕಿದ್ದು ತಮ್ಮ! ಬಯ್ಯೋ ಹಕ್ಕು ಅಣ್ಣಂಗೆ ಇಲ್ವಾ?”

ಫೋನಿನ ಆ ಕಡೆ ತುಂಗಮ್ಮನ ಕಿವಿ ನೆಟ್ಟಗಾಯಿತು.

“ಯಾರೇ ಅದು, ಮಾರಾಯ್ತಿ ಅಂದಿದ್ದು?”

“ಅಶ್ವಿನ್,” ಎಂದಳು ಯಶಸ್ವಿನಿ. ಎಂದ ಮೇಲೆಯೇ ಅವಳಿಗೂ ಆ ‘ಮಾರಾಯ್ತಿ’ ಕೇಳಿಸಿದ್ದು. ಅವನೂ ನಾಲಗೆ ಕಚ್ಚಿಕೊಂಡು ನಿಂತಿದ್ದ. ‘ನೀವು’, ‘ತಾವು’ ಎಂದು ವಾರಗಟ್ಟಲೆ ಜೋಪಾನವಾಗಿ ನಡೆದು ಬಂದವನು ಜಗಳದ ಭರದಲ್ಲಿ ಮನೆಯೊಳಗೇ ಬಂದುಬಿಟ್ಟಿದ್ದ.

“ಸರಿ, ನಾ ಅವರಿಗೆ ಹೇಳ್ತೀನಿ,” ಎಂದಳು ತುಂಗಮ್ಮ. ಅವಳ ದನಿಯಲ್ಲಿ ನಗು ತುಳುಕುತ್ತಿತ್ತು.

“ಎಂಥ ಹೇಳ್ತೀಯ?”

“ನೀನು ಜಗಳ ಮುಗಿಸಿ ಬಾ.”

ಫೋನ್ ಕಟ್ಟಾಯಿತು. ಅಶ್ವಿನ್ ಮುಖ ಕೆಂಪಾಗಿಸಿಕೊಂಡು, “ಸಾರಿ, ಬಾಯ್ತಪ್ಪಿ ಬಂತು ನೋಡಿ...” ಎಂದು ತೊದಲಿದ.

ಯಶಸ್ವಿನಿ ಬ್ಯಾಗನ್ನು ಕಲ್ಲುಬೆಂಚಿನ ಮೇಲಿಟ್ಟು, ಸೊಂಟಕ್ಕೆ ಕೈಕೊಟ್ಟು ನಿಂತಳು.

“ಹೂಂ, ಈಗ ಹೇಳು ಮಾರಾಯ. ಬೇಲಿ ಹಾಕಿದ್ದು ತಮ್ಮ ಅಂತ ನಿಂಗೆ ಯಾರು ಹೇಳಿದ್ದು?”