ಪುಟ್ಟಿಯ ಸಂದರ್ಶನ

ನಮ್ಮ ಗೈಡ್ ಮೇಡಂ ಅವಳನ್ನು ‘ಪುಟ್ಟಿ’ ಎನ್ನುತ್ತಾರೆ. ಬಂದು ಇನ್ನೂ ವರ್ಷವಾಗಿಲ್ಲ. ಇದೇ ಕೋಣೆಯಲ್ಲಿ ನಾಲ್ಕು ವರ್ಷ ಬೆನ್ನು ಬಗ್ಗಿಸಿ ದುಡಿದ ನಾನು ಮಾತ್ರ ಇವತ್ತಿಗೂ ‘ನೀವು’. ಇದಕ್ಕೂ ಉರಿಯದಿದ್ದರೆ ಹೊಟ್ಟೆ ಅಂತ ಒಂದು ಯಾಕಾದರೂ ಇರಬೇಕು?

ನಮ್ಮದು ಮಕ್ಕಳ ರಕ್ತಹೀನತೆಯ ಬಗ್ಗೆ ಮೂರು ದೇಶಗಳಲ್ಲಿ ನಡೆಯುವ ಸಂಶೋಧನೆ. ಹೊಸ ಸಂಶೋಧಕರಿಗೆ ಪ್ರತಿ ವರ್ಷ ಹೊರದೇಶದಲ್ಲಿ ತರಬೇತಿ ಇರುತ್ತದೆ. ಒಬ್ಬ ಗೈಡ್ ಒಂದೇ ಹೆಸರು ಕಳಿಸಬಹುದು. ಹೋದ ವರ್ಷ ಮೇಡಂ ನನ್ನನ್ನು ಕಳಿಸಿದ್ದರು, ಸಂದರ್ಶನದಲ್ಲಿ ಒಂದೇ ಪ್ರಶ್ನೆಗೆ ಮಕಾಡೆ ಮಲಗಿದ್ದೆ. ಈ ವರ್ಷ ಪುಟ್ಟಿಯ ಹೆಸರು ಹೋಯಿತು. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮಿತಿ ದಾಟಿರುತ್ತದೆ. ಅಲ್ಲಿಗೆ ಮುಗಿಯಿತು.

ಗಾಯದ ಮೇಲೆ ಬರೆ ಎಳೆದ ಹಾಗೆ ಮೇಡಂ ಅಂದರು, “ಅವಳಿಗೆ ಅಣಕು ಸಂದರ್ಶನ ನೀವೇ ಮಾಡಿ. ಸ್ವಲ್ಪವೂ ಕರುಣೆ ತೋರಿಸಬೇಡಿ.”

ಕರುಣೆಯಂತೆ! ಇದ್ದರಲ್ಲವೇ ತೋರಿಸುವುದು.

ದಿನಾ ಮಧ್ಯಾಹ್ನ ಪ್ರಿಂಟರ್ ಪಕ್ಕ ಕೂರಿಸಿಕೊಂಡು ಅರೆದೆ. ಇಷ್ಟೇ ಮಕ್ಕಳು ಯಾಕೆ? ಕರೆಂಟ್ ಹೋದರೆ ಫ್ರಿಜ್ಜಿನ ರಕ್ತದ ಗತಿ ಏನು? ಎರಡನೇ ದಿನ ಅತ್ತೇಬಿಟ್ಟಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವಳು ಮೂಗು ಒರೆಸಿಕೊಂಡು, “ಇನ್ನೊಂದು ಕೇಳಿ ಅಕ್ಕಾ” ಅಂದಳು.

ಕೊನೆಯ ದಿನ, ನನ್ನನ್ನು ಕೆಡವಿದ ಪ್ರಶ್ನೆಯನ್ನೇ ಕೇಳಿದೆ. “ನಿಮ್ಮ ಅಧ್ಯಯನ ಮುಗಿದ ಮೇಲೆ, ಮಗುವಿನ ರಕ್ತ ತೆಗೆಯೋಕೆ ಬಿಟ್ಟ ತಾಯಿಗೆ ಏನು ಉಳಿಯುತ್ತೆ?”

“ಒಳ್ಳೆ ಜರ್ನಲ್‌ನಲ್ಲಿ ಲೇಖನ ಬರುತ್ತಲ್ಲ ಅಕ್ಕಾ.”

ನಾನೂ ಇದನ್ನೇ ಹೇಳಿದ್ದೆ. ‘ಚೆನ್ನಾಗಿದೆ’ ಎಂದು ಎದ್ದು ಹೋಗಿದ್ದರೆ ಸಾಕಿತ್ತು, ಅವಳ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು. ಹಾಗನ್ನಲೆಂದೇ ಬಾಯಿ ತೆರೆದೆ. ಆದರೆ ವರ್ಷವಿಡೀ ಆ ಪ್ರಶ್ನೆಯನ್ನೇ ಮೆಲುಕು ಹಾಕಿದ ಬಾಯಿ ನನ್ನ ಮಾತು ಕೇಳಲಿಲ್ಲ.

“ನಿನ್ನ ತಲೆ! ಆ ತಾಯಿ ನಿನ್ನ ಲೇಖನ ಓದ್ತಾಳೇನೇ? ಫಲಿತಾಂಶ ಬಂದ ತಕ್ಷಣ ಮೊದಲು ಅವಳ ಮನೆಗೆ ಹೋಗ್ಬೇಕು. ಮಗುವಿಗೆ ಏನಾಗಿದೆ, ಇನ್ನು ಏನು ಮಾಡ್ಬೇಕು ಅಂತ ಅವಳಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು. ಅದಕ್ಕೆ ಜನ, ಗಾಡಿ, ಖರ್ಚು ಎಲ್ಲಾ ಶುರುವಿನಲ್ಲೇ ಎತ್ತಿಡ್ಬೇಕು. ಕೊನೆಗೆ ಉಳಿದ್ರೆ ನೋಡೋಣ ಅಂದ್ರೆ ಯಾವತ್ತೂ ಉಳಿಯಲ್ಲ!”

ಹೇಳಿ ಮುಗಿಸಿ ನಾಲಿಗೆ ಕಚ್ಚಿಕೊಂಡೆ.

ಸಂದರ್ಶನದ ಫಲಿತಾಂಶ ಬಂದ ದಿನ ಅವಳು ಮೇಡಂ ಕೋಣೆಯನ್ನೂ ದಾಟಿ ನನ್ನ ಮೇಜಿಗೇ ಓಡಿ ಬಂದಳು. ಸೀಟು ಸಿಕ್ಕಿತ್ತು.

“ಅದೇ ಪ್ರಶ್ನೆ ಕೇಳಿದ್ರು ಅಕ್ಕಾ! ನೀವು ಹೇಳಿದ್ದನ್ನೇ ಹೇಳ್ದೆ. ನಮ್ಮ ಅಕ್ಕ ಹೇಳ್ಕೊಟ್ಟಿದ್ದು ಅಂತಾನೂ ಹೇಳ್ದೆ.”

“ಅದಕ್ಕೆ ಏನಂದ್ರು?”

ಅವಳು ತಲೆ ತಗ್ಗಿಸಿದಳು. “ಮತ್ತೆ ಆ ಅಕ್ಕನ್ನ ಯಾಕೆ ಕಳಿಸ್ಲಿಲ್ಲ, ಅಂದ್ರು.”

ನಾನು ಎದ್ದು ಪ್ರಿಂಟರಿಗೆ ಹಾಳೆ ತುಂಬಲು ಹೋದೆ. ಅದು ಮೊದಲೇ ತುಂಬಿತ್ತು. ಸೀಟು ಸಿಕ್ಕಿದ್ದು ನನ್ನ ಉತ್ತರಕ್ಕೆ, ನನಗಲ್ಲ. ಹೊಟ್ಟೆಯ ಉರಿ ಇದ್ದಲ್ಲೇ ಇತ್ತು, ಕಣ್ಣು ಮಾತ್ರ ಯಾಕೋ ಮಂಜಾಯಿತು.

“ಅಲ್ಲಿ ನನ್ನ ಬೈಯೋಕೆ ಯಾರೂ ಇರಲ್ಲ. ದಿನಾ ಫೋನ್ ಮಾಡ್ಲಾ ಅಕ್ಕಾ?”

“ದಿನಾ ಬೇಡ, ವಾರಕ್ಕೊಂದ್ಸಲ ಮಾಡು,” ಎಂದೆ. “ಬೈಗುಳ ಕೂಡಿಟ್ಟಿರ್ತೀನಿ.”